ಬದಿಯಡ್ಕದಲ್ಲಿ ಗಿಟಾರ್, ಏಕತಾರಿ, ಸ್ವಂತ ಹಾಡು: ಸೌಂಡಿಗೆ ಎಂತ ತರಿಸಬೇಕು?

ಪಳ್ಳತ್ತಡ್ಕದ ಕೇಳುಗ
ಬದಿಯಡ್ಕ ಹತ್ತಿರ ತಗಡು ಶೀಟಿನ ಹಾಲ್, 150 ಕುರ್ಚಿ, ಜುಲೈ ಸಂಜೆ. ಹಾಡುವವರಿಬ್ಬರೂ ಸ್ವಂತ ಹಾಡು ಕಟ್ಟುವ ಹೊಸಬರು. ಒಬ್ಬಳು ಅಕೂಸ್ಟಿಕ್ ಗಿಟಾರಿನೊಂದಿಗೆ ಕನ್ನಡದಲ್ಲಿ, ಇನ್ನೊಬ್ಬ ಏಕತಾರಿ ಹಿಡಿದು ತುಳುವಿನಲ್ಲಿ. ಗಿಟಾರಿನಲ್ಲಿ ಪಿಕಪ್ (ವಾದ್ಯದ ಸದ್ದನ್ನು ಕೇಬಲಿಗೆ ಕೊಡುವ ಸಾಧನ) ಉಂಟು, ಏಕತಾರಿಯಲ್ಲಿ ಇಲ್ಲ. ಮೈಕ್‌ಸೆಟ್‌ನವರು ಯಕ್ಷಗಾನಕ್ಕೆ ಬರುವವರೇ: ಎರಡು ಟಾಪ್ (ಕಂಠ, ವಾದ್ಯದ ಮುಖ್ಯ ಸ್ಪೀಕರ್), ಎರಡು ಬಾಸ್ ಬಾಕ್ಸ್, 12 ಚಾನೆಲ್ ಮಿಕ್ಸರ್. ಹೆಚ್ಚು ಎಂತ ಬೇಕು? ಮಂಜೇಶ್ವರ ಗೋವಿಂದ ಪೈಗಳ ಒಂದು, ಕಯ್ಯಾರ ಕಿಞ್ಞಣ್ಣ ರೈಗಳ ಒಂದು ಕವಿತೆಗೂ ರಾಗ ಹಾಕಿದ್ದಾರೆ. ಅದಕ್ಕೆ ಒಪ್ಪಿಗೆ ಬೇಕಾ?

ತಂತಿವಾದ್ಯ
ಬಾಸ್ ಬಾಕ್ಸ್ ವ್ಯಾನಿನಲ್ಲೇ ಇರಲಿ. ಎರಡು ಟಾಪ್ ಧಾರಾಳ ಸಾಕು, ಹಾಡುವವರಿಗಿಂತ ಮುಂದೆ, ಕುಳಿತವರ ತಲೆಗಿಂತ ಎತ್ತರದಲ್ಲಿ ನಿಲ್ಲಿಸಿ.

ತರಿಸಬೇಕಾದ್ದು ಡಿಐ ಬಾಕ್ಸ್, ಅಂದರೆ ಪಿಕಪ್ಪಿನ ಸಿಗ್ನಲನ್ನು ಮಿಕ್ಸರಿಗೆ ಹೊಂದುವ ಹಾಗೆ ಮಾಡಿಕೊಡುವ ಸಣ್ಣ ಪೆಟ್ಟಿಗೆ. ಪೀಜೋ (ಕಂಪನವನ್ನು ವಿದ್ಯುತ್ತಾಗಿಸುವ) ಪಿಕಪ್ಪಿಗೆ ಸುಮಾರು 1 ಮೆಗಾ ಓಮ್ ತಡೆಯ ಇನ್‌ಪುಟ್ ಬೇಕು, ಮಿಕ್ಸರಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೋ ಓಮ್ ಆಸುಪಾಸು. ನೇರ ಚುಚ್ಚಿದರೆ ಮಂದ್ರವೆಲ್ಲ ಸೋರಿಹೋಗಿ ಡಬ್ಬ ಬಡಿದ ಹಾಗೆ ಕೇಳುತ್ತದೆ. ಗಿಟಾರಿನೊಳಗೆ ಬ್ಯಾಟರಿ ಪ್ರೀಆಂಪ್ (ಸಿಗ್ನಲ್ ಬಲಪಡಿಸುವ ಸರ್ಕ್ಯೂಟ್) ಇದ್ದರೆ ಆ ತೊಂದರೆ ಇಲ್ಲ. ಆದರೂ ಉದ್ದದ ಕೇಬಲ್ ಗೊರಗುಟ್ಟದಿರಲು ಡಿಐ ಬೇಕೇ. ಹೊಸ 9 ವೋಲ್ಟ್ ಬ್ಯಾಟರಿ ಹಾಕಿ. ಜ್ಯಾಕ್ ಸಿಕ್ಕಿಸಿಟ್ಟಷ್ಟು ಹೊತ್ತೂ ಅದು ಖರ್ಚಾಗುತ್ತಿರುತ್ತದೆ. ಜ್ಯಾಕ್ ಕೀಳುವ ಮೊದಲು ಚಾನೆಲ್ ಮ್ಯೂಟ್ ಮಾಡದಿದ್ದರೆ ಸ್ಪೀಕರಿಗೆ ಏಟು.

ಹಮ್ (ಕರೆಂಟಿನ ಗುಂಯ್ ಸದ್ದು) ಬಂದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಬುದ್ಧಿವಂತಿಕೆ ಬೇಡ ಮಾರಾಯ್ರೆ, ಶಾಕ್ ಹೊಡೆಯುವುದು ಮೈಕಿಗೆ ತಾಗಿದ ತುಟಿಗೆ.

ಗಿಟಾರ್ ಗುಂಯ್ ಎನ್ನುವುದು ಹೆಚ್ಚಾಗಿ 100–200 ಹರ್ಟ್ಸ್ ನಡುವೆ, ಪೆಟ್ಟಿಗೆಯೇ ಅನುರಣಿಸುವುದರಿಂದ. ಗಿಟಾರಿನ ದುಂಡು ಬಾಯಿಗೆ ರಬ್ಬರ್ ಮುಚ್ಚಳ ಹಾಕಿ, ಆ ಜಾಗದಲ್ಲಿ 3–4 ಡೆಸಿಬೆಲ್ ಇಳಿಸಿ. ಮಾನಿಟರ್ (ಹಾಡುವವರಿಗೇ ಕೇಳಿಸುವ ಸ್ಪೀಕರ್) ಇಡುವ ಮೊದಲು ಮೈಕ್ ಯಾವುದೆಂದು ನೋಡಿ. ಶೂರ್ ಎಸ್‌ಎಂ 58 ಆದರೆ ಮೈಕಿನ ಬೆನ್ನ ಹಿಂದೆ ನೇರಕ್ಕೆ, ಬೀಟಾ 58 ಆದರೆ ಹಿಂದೆ ಸ್ವಲ್ಪ ಓರೆಗೆ. ಏಕತಾರಿಗೆ ಒಂದು ಸಣ್ಣ ಕಂಡೆನ್ಸರ್ ಮೈಕ್ (ಸೂಕ್ಷ್ಮ ಸದ್ದನ್ನೂ ಹಿಡಿಯುವಂಥದ್ದು), ಬುರುಡೆಯಿಂದ 10–15 ಸೆಂ.ಮೀ. ದೂರದಲ್ಲಿ.

ಕುಂಬಳೆ ಮಿಕ್ಸರ್
ಉಳಿದದ್ದೆಲ್ಲ ಸರಿ ಅಣ್ಣ, ಕಂಡೆನ್ಸರ್ ಮಾತ್ರ ಬೇಡ. ಜುಲೈಯಲ್ಲಿ ಶೀಟಿನ ಅಡಿ ಅದು ಏಕತಾರಿಗಿಂತ ಮೊದಲು ಮಳೆಯನ್ನೇ ಹಿಡಿಯುತ್ತದೆ. ಬುರುಡೆಗೆ ಕಾಂಟ್ಯಾಕ್ಟ್ ಪಿಕಪ್ (ಮೈಗೆ ಅಂಟಿಕೊಂಡು ಕಂಪನ ಹಿಡಿಯುವಂಥದ್ದು) ಅಂಟಿಸಿ ಇನ್ನೊಂದು ಡಿಐಗೆ ಕೊಡಿ. ಈ ಡಿಐ ಆಕ್ಟಿವ್ (ವಿದ್ಯುತ್ತಿನಲ್ಲಿ ನಡೆಯುವಂಥದ್ದು) ಆಗಿರಬೇಕು, ಅದಕ್ಕೆ ಬೇಕಾದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತು ಮಿಕ್ಸರಿನಿಂದ ಮೈಕ್ ಕೇಬಲಿನಲ್ಲೇ ಹೋಗುತ್ತದೆ.

ಮಳೆ ಜೋರಾದಾಗ ವಾಲ್ಯೂಮ್ ಏರಿಸಿ ಗೆಲ್ಲಲಿಕ್ಕಾಗುವುದಿಲ್ಲ. ತಗಡಿನ ಸದ್ದು ಮಾತಿನ ವ್ಯಂಜನಗಳು ಇರುವ ಜಾಗವನ್ನೇ ತುಂಬುತ್ತದೆ, ಏರಿಸಿದಷ್ಟೂ ಹೌಲಿಂಗ್ (ಮೈಕಿನ ಕೂಗು) ಒಂದೇ ಲಾಭ. ಟೆರೇಸಿನ (ಕಾಂಕ್ರೀಟ್ ಚಾವಣಿಯ) ಕಟ್ಟಡ ಸಿಕ್ಕಿದರೆ ಅಲ್ಲಿಗೇ ಹೋಗಿ, 80 ಕುರ್ಚಿ ಹಿಡಿದರೂ ಸಾಕು.

ಎಕೋ ಪೂರ್ತಿ ಆಫ್ ಮಾಡಿಸಿ. ಇದನ್ನು ಸಂಜೆಯಲ್ಲ, ಬುಕ್ ಮಾಡುವಾಗಲೇ ಹೇಳಬೇಕು, ಕೈ ತನ್ನಿಂದ ತಾನೇ ಆ ಬಟನಿಗೆ ಹೋಗುತ್ತದೆ! ಹೊಸ ಹಾಡಿನ ಸಾಹಿತ್ಯ ಯಾರಿಗೂ ಬಾಯಿಪಾಠ ಇರುವುದಿಲ್ಲ, ಒಂದು ಶಬ್ದ ಕಲಸಿದರೆ ಸಾಲೇ ಹೋಯಿತು. ಕಂಠದ ಚಾನೆಲಿನಲ್ಲಿ 100 ಹರ್ಟ್ಸ್ ಕೆಳಗಿನದ್ದು ಕಟ್ ಮಾಡಿ, ಬಾಯಿಗೂ ಮೈಕಿಗೂ ಮೂರು ನಾಲ್ಕು ಬೆರಳು ಅಂತರ.

ಕಾಗದಪತ್ರ
ಕವಿತೆಯ ವಿಷಯ. ಕವಿ ತೀರಿಹೋದ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕುಸ್ವಾಮ್ಯ. ಪೈಗಳು ತೀರಿಹೋದದ್ದು 1963ರಲ್ಲಿ, ಹಾಗಾಗಿ 2023ರ ಕೊನೆಗೆ ಮುಗಿದಿದೆ. ಕಯ್ಯಾರರು 2015ರಲ್ಲಿ, ಅದು 2075ರವರೆಗೆ ಉಂಟು. ಟಿಕೆಟ್ ಇಲ್ಲದ ಹವ್ಯಾಸಿ ಸಂಘದ ಪ್ರದರ್ಶನಕ್ಕೆ ಕಾನೂನಿನಲ್ಲಿ ವಿನಾಯಿತಿ ಉಂಟು. ಯೂಟ್ಯೂಬಿಗೆ ಹಾಕುವುದಾದರೆ ಅದು ಸಾಲದು, ಕಯ್ಯಾರರ ಮನೆಯವರ ಒಪ್ಪಿಗೆ ಲಿಖಿತದಲ್ಲಿ ಪಡೆಯಿರಿ. ಹೊರಗೆ ಬಯಲಿನಲ್ಲಿ ಮಾಡುವ ಯೋಚನೆ ಇದ್ದರೆ ಮೈಕ್ ಅನುಮತಿ ಮೊದಲೇ ಬೇಕು, ರಾತ್ರಿ 10ಕ್ಕೆ ಬಂದ್.

ಪಳ್ಳತ್ತಡ್ಕದ ಕೇಳುಗ
ಉಪಕಾರ. ಸೌಂಡ್ ಚೆಕ್‌ಗೆ ಎಷ್ಟು ಹೊತ್ತು ಇಡಬೇಕು? ಯಾರದ್ದು ಮೊದಲು?

ತಂತಿವಾದ್ಯ
ಮಳೆಯ ಮಾತು ಒಪ್ಪಿದೆ, ಕಾಂಟ್ಯಾಕ್ಟ್ ಪಿಕಪ್ಪೇ ಆಗಲಿ.

ತಲಾ ಅರ್ಧ ಗಂಟೆ, ಜನ ಬರುವ ಒಂದು ಗಂಟೆ ಮೊದಲು ಮುಗಿಯಬೇಕು. ಕೊನೆಗೆ ಹಾಡುವವರದ್ದು ಮೊದಲು ಚೆಕ್ ಮಾಡಿ, ಆಗ ಮೊದಲು ಹಾಡುವವರ ಸೆಟಿಂಗ್ ವೇದಿಕೆಯಲ್ಲಿ ಹಾಗೆಯೇ ಉಳಿಯುತ್ತದೆ. ಮಿಕ್ಸರಿನ ಫೋಟೋ ತೆಗೆದಿಡಿ. ಹೊಸ ತಂತಿ ಹಾಕುವುದಾದರೆ ಎರಡು ದಿನ ಮೊದಲೇ, ಅದೇ ದಿನ ಹಾಕಿದ್ದು ಎಳೆದುಕೊಂಡು ಪ್ರತಿ ಹಾಡಿಗೂ ಶ್ರುತಿ ಇಳಿಯುತ್ತದೆ. ಎಸಿ ಕಾರಿನಿಂದ ಇಳಿಸಿದ ಗಿಟಾರನ್ನು ಅರ್ಧ ಗಂಟೆ ಹಾಲ್‌ನಲ್ಲಿಟ್ಟ ಮೇಲೆಯೇ ಶ್ರುತಿ ಮಾಡಿ. ಕ್ಯಾಪೊ (ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್) ಹಾಕಿದ ಮೇಲೆ ಇನ್ನೊಮ್ಮೆ ನೋಡಿ, ಶ್ರುತಿ ಸಾಧಾರಣ ಸ್ವಲ್ಪ ಏರುತ್ತದೆ.