20 ಟನ್ ಹಿಟಾಚಿಗೆ ರಬ್ಬರ್ ಟ್ರ್ಯಾಕ್ ಹಾಕಿಸಬಹುದಾ?

ಕೆಂಗೇರಿ ಕಡೆಯವ:
ನಮಸ್ಕಾರ. ನನ್ನ ಹತ್ರ 20 ಟನ್ ಹಿಟಾಚಿ (ಅಗೆಯೋ ಮಷೀನ್) ಇದೆ, ಕಂಪನಿ ಕೊಮಾಟ್ಸು, ಮಾಡೆಲ್ ಪಿಸಿ200. ಇಷ್ಟು ದಿನ ಬರೀ ಲೇಔಟ್ ಕೆಲಸ, ಕೆಂಪು ಮಣ್ಣು, ಏನೂ ಚಿಂತೆ ಇರಲಿಲ್ಲ. ಈಗ ವೈಟ್‌ಫೀಲ್ಡ್ ಕಡೆ ಒಂದು ಅಪಾರ್ಟ್‌ಮೆಂಟ್ ಒಳಗೆ ಪೈಪ್‌ಲೈನ್ ಕೆಲಸ ಸಿಕ್ಕಿದೆ. ಗೇಟ್ ಹತ್ರ ಕಾಂಕ್ರೀಟ್, ಅಲ್ಲಿಂದ ಹಿಂದಿನ ಕಾಂಪೌಂಡ್‌ವರೆಗೂ ಇಂಟರ್‌ಲಾಕ್ ಟೈಲ್ಸ್. ಒಂದು ಗೆರೆ ಬಿದ್ದರೂ ಬಿಲ್ಲಿನಲ್ಲಿ ಹಿಡ್ಕೊಳ್ತೀವಿ ಅಂತ ಅಸೋಸಿಯೇಷನ್‌ನವರು ಮೊದಲೇ ಹೇಳಿಬಿಟ್ಟಿದ್ದಾರೆ. 3 ಟನ್ ಮಿನಿ ಮಷೀನ್‌ಗಳಿಗೆ ರಬ್ಬರ್ ಟ್ರ್ಯಾಕ್ ಇರುತ್ತಲ್ವಾ, ಹಾಗೇ ಇದಕ್ಕೂ ಹಾಕಿಸೋಕೆ ಆಗುತ್ತಾ?

ಸ್ಪ್ರಾಕೆಟ್:
ಪೂರ್ತಿ ರಬ್ಬರ್ ಟ್ರ್ಯಾಕ್ ಆಸೆ ಬಿಟ್ಟುಬಿಡಿ ಸಾರ್. ಮಿನಿದು ಒಂದೇ ಬೆಲ್ಟ್. ಒಳಗೆ ಸ್ಟೀಲ್ ತಂತಿ, ಮಧ್ಯೆ ಸ್ಪ್ರಾಕೆಟ್ (ಟ್ರ್ಯಾಕ್ ಓಡಿಸೋ ಹಲ್ಲುಚಕ್ರ) ಹಲ್ಲು ಕೂರೋಕೆ ಕಬ್ಬಿಣದ ತುಂಡುಗಳು. ಬೆಲ್ಟ್ ಮೇಲೆ 300×52.5×80 ಅಂತ ಇದ್ದರೆ ಅಗಲ 300 ಮಿ.ಮೀ., ಪಿಚ್ (ಒಂದು ತುಂಡಿಂದ ಪಕ್ಕದ ತುಂಡಿಗೆ ಇರೋ ದೂರ) 52.5 ಮಿ.ಮೀ., ಒಟ್ಟು 80 ತುಂಡು ಅಂತ. ನಿಮ್ಮದು ಕಬ್ಬಿಣದ ಚೈನ್, ಅದರ ಪಿಚ್ಚೇ 190 ಮಿ.ಮೀ. ಸ್ಪ್ರಾಕೆಟ್, ಐಡ್ಲರ್ (ಇನ್ನೊಂದು ತುದಿಯ ಚಕ್ರ), ಬಾಟಮ್ ರೋಲರ್ (ಕೆಳಗಿನ ಉರುಳೆಗಳು) ಎಲ್ಲಾ ಆ ಚೈನ್ ಲೆಕ್ಕಕ್ಕೇ ಮಾಡಿರೋದು, ಬೆಲ್ಟ್ ಕೂರಲ್ಲ.

ನಿಮಗೆ ಬೇಕಾಗಿರೋದು ರಬ್ಬರ್ ಪ್ಯಾಡ್. ಚೈನ್, ಅದರ ಮೇಲಿನ ಶೂ (ನೆಲಕ್ಕೆ ತಾಗೋ ಕಬ್ಬಿಣದ ಪಟ್ಟಿ) ಎರಡೂ ಹಾಗೇ ಇರುತ್ತೆ, ಶೂ ಮೇಲೆ ಒಂದೊಂದು ಪ್ಯಾಡ್ ಕೂರುತ್ತೆ. ಶೂನಲ್ಲಿ ಮೊದಲೇ ತೂತು ಇದ್ದರೆ ಬೋಲ್ಟ್ ಪ್ಯಾಡ್ ಹಾಕಿ, ಅದೇ ಗಟ್ಟಿ. ಇಲ್ಲದಿದ್ದರೆ ಶೂ ತುದಿಗೆ ಕೊಕ್ಕೆ ಹಾಕಿ ಬಿಗಿಯೋ ಕ್ಲಿಪ್ ಪ್ಯಾಡ್ ಬರುತ್ತೆ, ಆದರೆ ಶೂ ತುದಿ ಬಗ್ಗಿದ್ದರೆ ಅದು ಸರಿಯಾಗಿ ಕೂರಲ್ಲ, ಅದಕ್ಕೇ ಆರ್ಡರ್ ಮಾಡೋ ಮುಂಚೆ ಮಣ್ಣೆಲ್ಲಾ ತೊಳೆದು ಒಂದೊಂದೇ ಶೂ ನೋಡಿಕೊಳ್ಳಿ, ಅಗಲಾನೂ ಟೇಪ್ ಹಿಡಿದೇ ಅಳೆಯಿರಿ. ಶೂ ಬಿಚ್ಚಿ ಚೈನ್‌ಗೇ ಹಾಕೋ ರಬ್ಬರ್ ಶೂಗಳೂ ಇವೆ. ಒಂದು ಕಡೆಗೆ 45 ಶೂ ಅಂತ ಹಿಡಿದರೂ, ಶೂಗೆ 4ರ ಹಾಗೆ ಎರಡೂ ಕಡೆ ಸೇರಿ 360 ಬೋಲ್ಟ್ ಆಯ್ತು! ವರ್ಷಪೂರ್ತಿ ರೋಡ್ ಕೆಲಸ ಇರೋರಿಗೆ ಅದು ಸರಿ.

ಯಾವುದೇ ಹಾಕಿದರೂ ಮೊದಲ ದಿನ ಸಂಜೆ ಎಲ್ಲಾ ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡಿ.

ಹಳೇ ಆಪರೇಟರ್:
ಒಂದು ಕೆಲಸಕ್ಕೆ ಇಷ್ಟೆಲ್ಲಾ ಯಾಕೆ ಗುರು? ಪಂಕ್ಚರ್ ಅಂಗಡಿಯಲ್ಲಿ ಹಳೇ ಲಾರಿ ಟೈರ್ ಸಿಗುತ್ತೆ. ಟ್ರ್ಯಾಕ್ ಮುಂದೆ ಹಾಕು, ದಾಟಿಸು, ಹಿಂದಿನದು ಎತ್ತಿ ಮತ್ತೆ ಮುಂದೆ ಹಾಕು. ಇಬ್ಬರು ಹುಡುಗರು ಸಾಕು.

ಕೆಂಗೇರಿ ಕಡೆಯವ:
ಅಣ್ಣಾ, ರೋಡ್ ದಾಟೋಕೆ ನಾವೂ ಅದನ್ನೇ ಮಾಡೋದು. ಇಲ್ಲಿ ಟೈಲ್ಸ್ ಮೇಲೇ ನಿಂತು ಅಗೆಯಬೇಕು, ತಿರುಗಬೇಕು.

ಬೇಸ್‌ಮೆಂಟ್ ಕೆಲಸದವ:
ಪ್ಯಾಡ್ ಹಾಕಿದರೆ ಗೆರೆ ಬೀಳಲ್ಲ, ಒಪ್ಪಿದೆ. ಆದರೆ ಭಾರ ಎಲ್ಲಿಗೆ ಹೋಗುತ್ತೆ? ಇಂಟರ್‌ಲಾಕ್ ಟೈಲ್ಸ್ ಕೆಳಗೆ ಇರೋದು ಮರಳು. 20 ಟನ್ ಅಲ್ಲಿ ನಿಂತು ಬಕೆಟ್ ಎಳೆದರೆ ರಬ್ಬರ್ ಇದ್ದರೂ ಟೈಲ್ಸ್ ಕುಸಿಯುತ್ತೆ, ಟ್ರ್ಯಾಕ್ ತಿರುಗಿಸಿದರೆ ಸಾಲೇ ಕಿತ್ತು ಬರುತ್ತೆ. ಸುಮ್ನೆ ಪ್ಯಾಡ್‌ಗೆ ದುಡ್ಡು ಹಾಕಬೇಡಿ. ಒಳಗಿನ ಕೆಲಸಕ್ಕೆ ರಬ್ಬರ್ ಟ್ರ್ಯಾಕ್ ಇರೋ ಮಿನಿ ಬಾಡಿಗೆಗೆ ತಗೊಳ್ಳಿ. ಪೈಪ್ ಎಷ್ಟು ಆಳ?

ಕೆಂಗೇರಿ ಕಡೆಯವ:
ಐದು ಅಡಿ, ಜಾಸ್ತಿ ಅಂದ್ರೆ ಆರು.

ಬೇಸ್‌ಮೆಂಟ್ ಕೆಲಸದವ:
ಹಾಗಿದ್ರೆ 3 ಟನ್ ಸಾಕು, ಎಂಟು ಅಡಿ ಆರಾಮಾಗಿ ಇಳಿಯುತ್ತೆ. ಪೈಪ್ ಹೋಗೋ ಸಾಲಿನ ಟೈಲ್ಸ್ ಮೊದಲೇ ಎತ್ತಿ ಜೋಡಿಸಿಡಿ. ಆಪರೇಟರ್‌ಗೆ ನಿಂತಲ್ಲೇ ಗಿರಕಿ ಹೊಡೆಯಬೇಡ, ದೊಡ್ಡ ತಿರುವು ತಗೋ ಅಂತ ಹೇಳಿ. ಫುಟ್‌ಪಾತ್ ಅಂಚಿಗೆ ಬೆಲ್ಟ್ ಉಜ್ಜಿದರೆ, ಕಂಬಿ ತುಂಡಿನ ಮೇಲೆ ಹತ್ತಿಸಿದರೆ ರಬ್ಬರ್ ಹರಿಯುತ್ತೆ, ಆಮೇಲೆ ಮಷೀನ್ ಓನರ್ ನಿಮ್ಮ ತಲೆಗೇ ಕಟ್ತಾನೆ. ಅದಕ್ಕೇ ಮಷೀನ್ ಇಳಿಸ್ಕೊಳ್ಳೋವಾಗಲೇ ಬೆಲ್ಟ್ ಪೂರ್ತಿ ಒಂದು ಸುತ್ತು ಓಡಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲಾದರೂ ಒಳಗಿನ ತಂತಿ ತುಕ್ಕು ಹಿಡಿದು ಹೊರಗೆ ಕಾಣ್ತಿದ್ದರೆ ಬೇರೆ ಮಷೀನ್ ಕಳಿಸಿ ಅನ್ನಿ.