ಪದಚರ್ಚೆ: ಕರೆಂಟು ‘ಒದಗುವ’ ಮನೆ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

‘ಇಂಧನ ದಕ್ಷ’ ಮನೆ ಅನ್ನುವುದಕ್ಕೆ ಮೂರು ವಾರದಿಂದ ಮನೆಮಾತಿನ ಒಂದು ಪದ ಹುಡುಕುತ್ತಿದ್ದೇನೆ. ಸಿಕ್ಕಿದೆ ಅಂತ ಅನಿಸುತ್ತಿದೆ. ಆದರೆ ನಿಮ್ಮನ್ನು ಕೇಳದೆ ಅಚ್ಚಿಗೆ ಕೊಡಲು ಮನಸ್ಸು ಬರುತ್ತಿಲ್ಲ.

ಸಂಗತಿ ಹೀಗೆ. ನನ್ನ ಹಳೆ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನಲ್ಲಿ ಮನೆಗಳ ನಕ್ಷೆ ಮಾಡಿ ಕಟ್ಟಿಸಿಕೊಡುತ್ತಾಳೆ. ದೊಡ್ಡ ಮನೆಗಳು. ಗಲ್ಫಿನಿಂದಲೋ ಮುಂಬೈಯಿಂದಲೋ ಊರಿಗೆ ವಾಪಸು ಬರುವವರು ಕಟ್ಟಿಸುವಂಥವು. ಆದರೆ ಆ ಮನೆಗಳಿಗೆ ಕರೆಂಟು ಕಡಿಮೆ ಸಾಕು. ಎ.ಸಿ. ಹಾಕದೆಯೂ ವರ್ಷದಲ್ಲಿ ಸುಮಾರು ದಿನ ಕಳೆಯಬಹುದು. ಮನೆ ಒಪ್ಪಿಸುವ ದಿನ ಒಂದು ಸಣ್ಣ ಪುಸ್ತಕವನ್ನೂ ಕೈಗೆ ಕೊಡುತ್ತಾಳೆ. ಯಾವ ಕಿಟಕಿ ಯಾವ ಹೊತ್ತಿಗೆ ತೆರೆಯಬೇಕು, ಮಳೆನೀರಿನ ಟ್ಯಾಂಕು ಯಾವಾಗ ತೊಳೆಯಬೇಕು ಅಂತೆಲ್ಲ ಅದರಲ್ಲಿ ಇರುತ್ತದೆ. ಅದನ್ನು ಓದುವವರು ದುಡ್ಡು ಕೊಟ್ಟವರಿಗಿಂತ ಜಾಸ್ತಿ ಅವರ ತಂದೆತಾಯಿ, ಮನೆ ನೋಡಿಕೊಳ್ಳುವವರು. ಹಾಗಾಗಿ ‘ಕನ್ನಡದಲ್ಲಿ ಬರೆದುಕೊಡಿ ಟೀಚರ್’ ಅಂದಳು.

ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಅವಳ ಕರಡಿನಲ್ಲಿದ್ದದ್ದು ‘ಇಂಧನ ದಕ್ಷ, ಪರಿಸರಸ್ನೇಹಿ ಐಷಾರಾಮಿ ನಿವಾಸ’. ಒಂದೊಂದು ಪದವನ್ನೂ ನಾವು ಪತ್ರಿಕೆಯಲ್ಲಿ ದಿನಾ ಓದುತ್ತೇವೆ. ಒಟ್ಟಿಗೆ ಓದಿದರೆ ಮಾತ್ರ ಮನೆ ಕಣ್ಣಿಗೆ ಬರುವುದಿಲ್ಲ.

ನಮ್ಮ ಅತ್ತೆಗೆ ಆ ಸಾಲನ್ನು ಓದಿ ಹೇಳಿದೆ. ‘ಗ್ಯಾಸ್ ಒಲೆಯ ವಿಷಯವಾ?’ ಅಂತ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಸಂಸ್ಕೃತದಲ್ಲಿ ‘ಇಂಧನ’ ಅಂದರೆ ಬೆಂಕಿ ಹೊತ್ತಿಸುವ ವಸ್ತು, ಸೌದೆ. ಪೆಟ್ರೋಲ್ ದರ ಏರಿದರೆ ‘ಇಂಧನ ದರ ಏರಿಕೆ’ ಅಂತ ಬರೆಯುತ್ತೇವೆ. ವಿದ್ಯುತ್ತಿನ ವ್ಯವಹಾರವೆಲ್ಲ ಸರ್ಕಾರದ ‘ಇಂಧನ ಇಲಾಖೆ’ಯದು. ಶಾಲೆಯ ವಿಜ್ಞಾನ ಪಾಠದಲ್ಲಿ ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ‘ಶಕ್ತಿ’. ಮೂರು ಕಡೆ ಮೂರು ಅರ್ಥ. ಮನೆಯ ಮಾತಿನಲ್ಲಿ ನಾವು ಹೇಳುವುದು ‘ಕರೆಂಟು’. ‘ಆ ಹಳೆ ಫ್ರಿಜ್ ಕರೆಂಟು ಜಾಸ್ತಿ ಎಳೆಯುತ್ತದೆ’ ಅನ್ನುತ್ತೇವೆ, ‘ತಿನ್ನುತ್ತದೆ’ ಅಂತಲೂ ಅನ್ನುತ್ತೇವೆ. ಆದ್ದರಿಂದ ‘ಇಂಧನ’ದ ಜಾಗದಲ್ಲಿ ನಾನು ಕರೆಂಟನ್ನೇ ಇಟ್ಟೆ.

ಕಷ್ಟ ಇರುವುದು ‘ದಕ್ಷ’ದಲ್ಲಿ. ದಕ್ಷ ಅಧಿಕಾರಿ ಅನ್ನುತ್ತೇವೆ. ಯಂತ್ರದ ದಕ್ಷತೆ ಅಂತ ಪಾಠದಲ್ಲಿ ಇದೆ. ಮನೆ ದಕ್ಷ ಅಂದರೆ ಏನು? ಹಾಗಾದರೆ ‘ಮಿತವ್ಯಯದ ಮನೆ’ ಅನ್ನೋಣ ಅಂದುಕೊಂಡೆ. ಆಗ ನನ್ನ ವಿದ್ಯಾರ್ಥಿನಿಯೇ ತಡೆದಳು. ‘ಟೀಚರ್, ಎರಡೂ ಬೇರೆ’ ಅಂದಳು. ಅವಳು ಹೇಳಿದ್ದು ಸರಿ. ಫ್ಯಾನ್ ಆರಿಸಿ ಬೆವರುತ್ತಾ ಕೂತರೆ ಅದು ಉಳಿತಾಯ. ಮನೆಗೆ ನೆರಳೂ ಗಾಳಿಯೂ ಇದ್ದು, ಫ್ಯಾನ್ ಎರಡನೇ ನಂಬರಿನಲ್ಲಿ ತಿರುಗಿದರೂ ಹಾಯಾಗಿದ್ದರೆ ಅದು ದಕ್ಷತೆ. ಒಂದರಲ್ಲಿ ಸುಖ ಕಡಿಮೆಯಾಗುತ್ತದೆ. ಇನ್ನೊಂದರಲ್ಲಿ ಸುಖ ಹಾಗೆಯೇ ಇದ್ದು ಖರ್ಚು ಮಾತ್ರ ಇಳಿಯುತ್ತದೆ. ಸರ್ಕಾರದ ಭಾಷೆಯಲ್ಲೂ ಈ ಎರಡು ಪದ ಬೇರೆಬೇರೆ. ಕೇಂದ್ರದ 2001ರ ಕಾಯ್ದೆಯ (ಎನರ್ಜಿ ಕನ್ಸರ್ವೇಶನ್ ಆ್ಯಕ್ಟ್) ಹೆಸರಿನಲ್ಲಿ ಇರುವುದು ‘ಸಂರಕ್ಷಣೆ’. ಅದರ ಕೆಳಗೆ 2002ರಲ್ಲಿ ಬಂದ ಬ್ಯೂರೋದ (ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ) ಹೆಸರಿನಲ್ಲಿ ಇರುವುದು ‘ದಕ್ಷತೆ’. ಫ್ರಿಜ್, ಎ.ಸಿ.ಗಳ ಮೇಲೆ ನಾವು ನೋಡುವ ನಕ್ಷತ್ರಗಳ ಚೀಟಿ ಆ ಬ್ಯೂರೋದ್ದೇ.

ಪದ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅತ್ತೆ ಕುಚ್ಚಲಕ್ಕಿ ಅಳೆಯುತ್ತಿದ್ದರು. ‘ಈ ಸಲದ ಅಕ್ಕಿ ಒದಗುವುದಿಲ್ಲ, ಇನ್ನೊಂದು ಕುಡ್ತೆ ಹಾಕು’ ಅಂದರು. ನನ್ನ ಕೈ ಅಲ್ಲೇ ನಿಂತಿತು.

ಹೊಸ ಅಕ್ಕಿ ಒದಗುವುದಿಲ್ಲ, ಹಳೆ ಅಕ್ಕಿ ಒದಗುತ್ತದೆ. ಅಳತೆ ಅದೇ, ಅನ್ನ ಮಾತ್ರ ಜಾಸ್ತಿ. ಊಟಕ್ಕೆ ಕೂತವರಲ್ಲಿ ಯಾರೂ ಒಂದು ತುತ್ತು ಕಡಿಮೆ ಉಣ್ಣುವುದಿಲ್ಲ. ದಕ್ಷತೆ ಅಂದರೆ ಇದೇ ಅಲ್ವಾ? ಜಿಪುಣತನದ ವಾಸನೆ ಇಲ್ಲ, ಯಂತ್ರದ ವಾಸನೆಯೂ ಇಲ್ಲ. ಅಜ್ಜಿಗೂ ಗೊತ್ತು, ಮೊಮ್ಮಗಳಿಗೂ ಗೊತ್ತು.

ಇದಕ್ಕೊಂದು ತೊಡಕು ಇದೆ. ‘ಒದಗು’ ಅಂದರೆ ಸಮಯಕ್ಕೆ ಕೈಗೆ ಸಿಗುವುದು ಅಂತಲೂ ಅರ್ಥ. ‘ಒದಗಿಸು’ ಅಂದರೆ ಪೂರೈಸು. ‘ಕರೆಂಟು ಒದಗುವ ಮನೆ’ ಅಂತ ಬರೆದರೆ, ಕರೆಂಟು ಸಿಗುವ ಮನೆ ಅಂತ ಯಾರಾದರೂ ಓದಬಹುದು. ಇದನ್ನು ಯೋಚಿಸಿ ಒಂದು ರಾತ್ರಿ ನಿದ್ದೆ ಕೆಟ್ಟಿತು. ಆಮೇಲೆ ಹೊಳೆದದ್ದು ಇಷ್ಟು. ನಮ್ಮ ಮನೆಯಲ್ಲಿ ಇದನ್ನು ನಾಮಪದವಾಗಿಯೂ ಹೇಳುತ್ತೇವೆ. ‘ಈ ಅಕ್ಕಿಗೆ ಒದಗು ಜಾಸ್ತಿ.’ ಹಾಗೆಯೇ ‘ಈ ಮನೆಯಲ್ಲಿ ಕರೆಂಟಿಗೆ ಒದಗು ಜಾಸ್ತಿ’ ಅಂದರೆ ಗೊಂದಲ ಇರುವುದಿಲ್ಲ. ‘ಒದಗಿನ ಮನೆ’ ಅಂತ ಚಿಕ್ಕದಾಗಿಯೂ ಬರೆಯಬಹುದು.

ಈಗ ‘ಪರಿಸರಸ್ನೇಹಿ’. ಜನಸ್ನೇಹಿ, ರೈತಸ್ನೇಹಿ ಅಂತ ಈ ಬಾಲ ಎಲ್ಲದಕ್ಕೂ ಅಂಟುತ್ತಿದೆ. ಸೋಪಿಗೂ ಅಂಟಿದೆ, ಚೀಲಕ್ಕೂ ಅಂಟಿದೆ. ಹಾಗಾಗಿ ಮನೆಗೆ ಅಂಟಿಸಿದರೆ ಏನೂ ತಿಳಿಯುವುದಿಲ್ಲ. ಬದಲಿಗೆ ‘ಹಸಿರು ಮನೆ’ ಅನ್ನಿ ಅಂತ ಒಬ್ಬರು ಸೂಚಿಸಿದರು. ಇದು ಮಾತ್ರ ಬೇಡವೇ ಬೇಡ. ‘ಹಸಿರುಮನೆ ಅನಿಲ’, ‘ಹಸಿರುಮನೆ ಪರಿಣಾಮ’ ಅಂತ ಹತ್ತನೇ ಕ್ಲಾಸಿನ ಮಕ್ಕಳು ಓದುತ್ತಾರೆ. ಹಸಿರುಮನೆ ಅಂದರೆ ಬಿಸಿಲನ್ನು ಒಳಗೆ ಬಿಟ್ಟುಕೊಂಡು ಬಿಸಿಯನ್ನು ಹೊರಗೆ ಬಿಡದ ಗಾಜಿನ ಮನೆ. ಚಳಿ ದೇಶದ ಗಿಡಗಳಿಗೆ ಅದು ಬೇಕು. ಪಡುವಣಕ್ಕೆ ದೊಡ್ಡ ಗಾಜು ಹಾಕಿದ ಹೊಸ ಮನೆಗಳನ್ನು ನಮ್ಮ ಕಡಲ ಬದಿಯಲ್ಲಿ ನೋಡಿದ್ದೇನೆ. ಸಂಜೆ ನಾಲ್ಕಕ್ಕೆ ಅವು ನಿಜಕ್ಕೂ ಹಸಿರುಮನೆಗಳೇ. ನಾವು ಹೇಳಬೇಕಾದದ್ದಕ್ಕೆ ಪೂರ್ತಿ ತಿರುಗುಮುರುಗಾದ ಅರ್ಥ ಆ ಪದದಲ್ಲಿದೆ.

ಗುಣದ ಹೆಸರು ಬಿಟ್ಟು ವಸ್ತುವಿನ ಹೆಸರು ಹೇಳಿದರೆ ಸಾಕು ಅಂತ ನನಗೆ ಅನಿಸುತ್ತದೆ. ಮುರಕಲ್ಲಿನ ಗೋಡೆ ಅನ್ನೋಣ. ಇದನ್ನೇ ಪುಸ್ತಕದಲ್ಲಿ ಜಂಬಿಟ್ಟಿಗೆ ಅನ್ನುತ್ತಾರೆ, ಉತ್ತರ ಕನ್ನಡದವರು ಚಿರೇಕಲ್ಲು ಅನ್ನುತ್ತಾರೆ. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು. ಸುಡಬೇಕಾಗಿಲ್ಲ. ‘ಸುಡದ ಕಲ್ಲಿನ ಗೋಡೆ’ ಅಂದರೆ ‘ಪರಿಸರಸ್ನೇಹಿ’ ಅಂದದ್ದಕ್ಕಿಂತ ಜಾಸ್ತಿ ತಿಳಿಯುತ್ತದೆ. ಹಂಚು ಸುಟ್ಟದ್ದೇ. ಆದರೆ ಅಜ್ಜನ ಮನೆಯ ಹಂಚನ್ನು ಇಳಿಸಿ, ತೊಳೆದು, ಮೊಮ್ಮಗನ ಮನೆಗೆ ಹೊದಿಸಬಹುದು. ಅದನ್ನು ‘ಹಳೆ ಹಂಚು’ ಅಂತಲೇ ಬರೆಯೋಣ. ‘ಮಂಗಳೂರು ಹಂಚು’ ಅನ್ನುವ ಹೆಸರನ್ನೇ ನೋಡಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹೆಸರಿನಲ್ಲಿ ಒಂದು ಹೊಗಳಿಕೆಯ ಪದವೂ ಇಲ್ಲ, ಊರಿನ ಹೆಸರಷ್ಟೇ. ದೇಶವಿಡೀ ನಡೆಯಿತು. (ಅದೇ ಮಿಷನ್ 1894ರಲ್ಲಿ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಮಂಗಳೂರಿನಲ್ಲೇ ಹೊರತಂದಿತು. ಮಾಡಿನ ಹಂಚೂ ಮಾತಿನ ಕೋಶವೂ ಒಂದೇ ಊರಿನಿಂದ ಬಂದವು ಅನ್ನುವುದು ನನಗೆ ಯಾವತ್ತೂ ಹೆಮ್ಮೆ.)

ಪುಸ್ತಕಕ್ಕಾಗಿ ಒಂದು ದಿನ ಅವಳ ಜೊತೆ ಕೆಲಸ ನಡೆಯುವ ಜಾಗಕ್ಕೂ ಹೋಗಿದ್ದೆ. ಮೇಸ್ತ್ರಿಯನ್ನು ಕೇಳಿದೆ, ಇಂಥ ಮನೆಗೆ ನೀವು ಏನು ಹೇಳುತ್ತೀರಿ ಅಂತ.

‘ದೊಡ್ಡ ಹೆಸರು ಎಂತ ಇಲ್ಲ ಟೀಚರೇ. ಒಳಗೆ ಸೆಕೆ ಆಗಬಾರದು, ಗೋಡೆಗೆ ಮಳೆ ಹೊಡೀಬಾರದು. ಅಷ್ಟೇ.’

ಸೆಕೆ! ಕರಡಿನ ನಲವತ್ತು ಪುಟದಲ್ಲಿ ಈ ಪದ ಒಮ್ಮೆಯೂ ಇರಲಿಲ್ಲ. ‘ಉಷ್ಣಾಂಶ’, ‘ತಾಪಮಾನ’, ‘ಉಷ್ಣ ನಿರೋಧಕ’ ಅಂತೆಲ್ಲ ಇತ್ತು. ಬಿಸಿಲು ಬೇರೆ, ಸೆಕೆ ಬೇರೆ. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮಲ್ಲಿ 34 ಇದ್ದರೂ ಗಾಳಿಯ ತುಂಬಾ ನೀರು. ಬೆವರು ಆರುವುದಿಲ್ಲ, ಅಂಗಿ ಮೈಗೆ ಅಂಟುತ್ತದೆ. ಅದು ಸೆಕೆ. ಬಯಲುಸೀಮೆಯಲ್ಲಿ ರಾತ್ರಿ ತಂಪಾಗುತ್ತದೆ. ದಪ್ಪ ಗೋಡೆ ಆ ತಂಪನ್ನು ಹಿಡಿದಿಟ್ಟು ಹಗಲು ಕೊಡುತ್ತದೆ. ಇಲ್ಲಿ ರಾತ್ರಿಯೂ ಅಷ್ಟು ತಂಪಾಗುವುದಿಲ್ಲ. ದಪ್ಪ ಗೋಡೆಯೊಂದನ್ನೇ ನಂಬಿದರೆ ಅದು ಹಗಲಿನ ಬಿಸಿಯನ್ನು ರಾತ್ರಿ ಮಲಗುವ ಕೋಣೆಗೆ ಬಿಡುತ್ತದೆ. ನಮಗೆ ಬೇಕಾದದ್ದು ನೆರಳು ಮತ್ತು ಗಾಳಿ.

ಕರೆಂಟು ಕಡಿಮೆ ಸಾಕಾಗುವ ಹಾಗೆ ಮನೆ ಕಟ್ಟಲು ಕೇಂದ್ರ ಸರ್ಕಾರ 2018ರಲ್ಲಿ ತಂದ ‘ಇಕೋ ನಿವಾಸ ಸಂಹಿತೆ’ಯಲ್ಲೂ ಈ ವ್ಯತ್ಯಾಸ ಇದೆ. ತೆರೆಯಲು ಬರುವ ಕಿಟಕಿ ಬಾಗಿಲುಗಳ ಜಾಗ ನೆಲದ ಅಳತೆಯಲ್ಲಿ ಎಷ್ಟು ಪಾಲು ಇರಬೇಕು ಅಂತ ಅದು ಹೇಳುತ್ತದೆ. ನಮ್ಮಂಥ ಸೆಕೆಯ ಸೀಮೆಗೆ ಕಡಿಮೆ ಅಂದರೂ ಶೇ. 16.66, ಅಂದರೆ ಆರರಲ್ಲಿ ಒಂದು ಪಾಲು. ಬೆಂಗಳೂರಿನಂಥ ಹಿತವಾದ ಹವೆಗೆ ಎಂಟರಲ್ಲಿ ಒಂದು ಪಾಲು ಸಾಕು. ಬೆಂಗಳೂರಿನ ನಕ್ಷೆ ಇಲ್ಲಿಗೆ ಹೊಂದುವುದಿಲ್ಲ. ಬೆಂಗಳೂರಿನ ಪದವೂ ಎಲ್ಲ ಕಡೆ ಹೊಂದಬೇಕಾಗಿಲ್ಲ. ಅದೇ ಸಂಹಿತೆಯ ಇನ್ನೊಂದು ಲೆಕ್ಕ ಕರಡಿನಲ್ಲಿ ಹೀಗೆ ಬಂದಿತ್ತು: ‘ಕಟ್ಟಡದ ಲಕೋಟೆಯ ಮೂಲಕ ಉಷ್ಣ ಪ್ರಸರಣ’. ಲಕೋಟೆ ಅಂದರೆ ನಮಗೆ ಅಂಚೆಯದು. ಅದನ್ನು ‘ಹೊರಮೈ’ ಮಾಡಿದೆ. ‘ಗೋಡೆ, ಕಿಟಕಿಗಳ ಹೊರಮೈಯಿಂದ ಚದರ ಮೀಟರಿಗೆ ಸರಾಸರಿ 15 ವ್ಯಾಟ್‌ಗಿಂತ ಜಾಸ್ತಿ ಬಿಸಿ ಒಳಗೆ ಬರಬಾರದು.’ ಮನೆಗೂ ಮೈ ಇದೆ ಅಂದುಕೊಂಡರೆ ಲೆಕ್ಕ ಸುಲಭ.

ಎದುರುಬದುರು ಕಿಟಕಿ ಇಡುವುದಕ್ಕೆ ‘ಅಡ್ಡ ವಾತಾಯನ’ ಅಂತ ಬರೆದಿದ್ದಳು. ಅದಕ್ಕೆ ಚರ್ಚೆಯೇ ಬೇಡ. ‘ಗಾಳಿಯಾಡುವ ಮನೆ’ ಅಂತ ಹೇಳುತ್ತಾ ಬಂದಿದ್ದೇವೆ, ‘ಗಾಳಿಯಾಟ’ ಸಾಕು. ಒಂದು ಮಾತು ಮಾತ್ರ ಸೇರಿಸಬೇಕಾಯಿತು. ನಮ್ಮಲ್ಲಿ ಕಡಲ ಗಾಳಿ ಬರುವುದೂ ಪಡುವಣದಿಂದ, ಸಂಜೆಯ ಸುಡುಬಿಸಿಲು ಬರುವುದೂ ಪಡುವಣದಿಂದ. ಒಂದನ್ನು ಒಳಗೆ ಕರೆಯಬೇಕು, ಇನ್ನೊಂದನ್ನು ಹೊರಗೆ ನಿಲ್ಲಿಸಬೇಕು. ಎರಡನ್ನೂ ಮಾಡುವುದು ಉದ್ದನೆಯ ಸೂರು.

ಸೂರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಸೂರು ಅಂದರೆ ಮಾಡಿನ ಕೆಳ ಅಂಚು, ಗೋಡೆಯಿಂದ ಹೊರಗೆ ಚಾಚಿದ ಭಾಗ. ಸೂರಿನ ನೀರಿಗೆ ಹಂಡೆ ಇಟ್ಟು ಹಿಡಿಯುತ್ತಿದ್ದೆವು. ಈಗ ಪತ್ರಿಕೆಗಳಲ್ಲಿ ‘ಸೂರು’ ಅಂದರೆ ಮನೆಯೇ. ‘ಸರ್ವರಿಗೂ ಸೂರು’ ಅನ್ನುವಲ್ಲಿ ಅಂಚಿನ ಹೆಸರು ಇಡೀ ಮನೆಗೆ ಬಂದಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ನಮ್ಮ ಊರಲ್ಲಿ ಇದು ಸಹಜ ಅನಿಸುತ್ತದೆ. ಸೂರಿಲ್ಲದ ಗೋಡೆ ಇಲ್ಲಿ ಎರಡು ಮಳೆಗಾಲಕ್ಕೆ ಪಾಚಿ ಕಟ್ಟುತ್ತದೆ. ಈಗ ಕಷ್ಟ ಏನೆಂದರೆ, ಆ ಚಾಚಿದ ಭಾಗವನ್ನೇ ಹೇಳಲು ಹೋದರೆ ಓದುವವರು ಮನೆ ಅಂದುಕೊಳ್ಳುತ್ತಾರೆ. ಮೇಸ್ತ್ರಿಗಳು ಕಾಂಕ್ರೀಟಿನದಕ್ಕೆ ‘ಸನ್‌ಶೇಡ್’ ಅನ್ನುತ್ತಾರೆ, ‘ಚಜ್ಜಾ’ ಅನ್ನುವವರೂ ಇದ್ದಾರೆ. ನಾನು ‘ಸೂರಿನ ಚಾಚು’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಕೊಡಿ.

ಉಳಿದದ್ದು ‘ಐಷಾರಾಮಿ’. ಅರಬಿಯಿಂದ ಪಾರಸಿಗೆ ಬಂದ ‘ಐಶ್’, ಪಾರಸಿಯದೇ ಆದ ‘ಆರಾಮ್’ ಎರಡೂ ಸೇರಿ ಆದ ಪದ. ಮರಾಠಿಯಲ್ಲೂ ಇದೆ. ಕನ್ನಡದಲ್ಲಿ ಇದಕ್ಕೆ ಸ್ವಲ್ಪ ಬೈಗುಳದ ಧ್ವನಿ ಬಂದುಬಿಟ್ಟಿದೆ. ‘ಐಷಾರಾಮಿ ಜೀವನ’ ಅಂದರೆ ದುಂದು ಅಂತಲೇ ಕಿವಿಗೆ ಬೀಳುತ್ತದೆ. ಒದಗಿನ ಪಕ್ಕದಲ್ಲಿ ದುಂದು ಕೂರುವುದಿಲ್ಲ. ಬಿಟ್ಟೇಬಿಡೋಣ ಅಂದರೆ ನನ್ನ ವಿದ್ಯಾರ್ಥಿನಿ ಒಪ್ಪಲಿಲ್ಲ. ಕೋಟಿಗಟ್ಟಲೆ ಖರ್ಚು ಮಾಡಿದವರಿಗೆ ತಮ್ಮ ಮನೆ ಚಂದವಾಗಿದೆ ಅಂತ ಪುಸ್ತಕವೂ ಹೇಳಬೇಕು ಅಂದಳು. ಅದೂ ನ್ಯಾಯವೇ. ನಮ್ಮ ಗುತ್ತಿನ ಮನೆಗಳನ್ನು, ಅಂದರೆ ತುಳುನಾಡಿನ ಹಳೆ ದೊಡ್ಡ ಮನೆತನಗಳ ಮನೆಗಳನ್ನು, ನೆನಪು ಮಾಡಿಕೊಳ್ಳಿ. ಕೆತ್ತನೆಯ ಕಂಬದ ಚಾವಡಿ, ಮರದ ಮುಚ್ಚಿಗೆ, ನಡುವೆ ಅಂಗಳ. ಅಷ್ಟು ದೊಡ್ಡಸ್ತಿಕೆ ಇದ್ದೂ ಮೇ ತಿಂಗಳ ಮಧ್ಯಾಹ್ನ ಚಾವಡಿಯಲ್ಲಿ ನಿದ್ದೆ ಬರುತ್ತಿತ್ತು. ಅಂಥದ್ದಕ್ಕೆ ‘ಸೊಗಸು’ ಅನ್ನಬಹುದು ಅಂತ ನನ್ನ ಅಭಿಪ್ರಾಯ. ಕಣ್ಣಿಗೂ ಸೊಗಸು, ಮೈಗೂ ಸೊಗಸು. ಬಸ್ಸಿನ ವಿಷಯದಲ್ಲಿ ಕೆ.ಎಸ್.ಆರ್.ಟಿ.ಸಿ.ಯವರು ‘ರಾಜಹಂಸ’, ‘ಐರಾವತ’ ಅಂತ ಹೆಸರಿಟ್ಟು ಈ ತೊಂದರೆಯಿಂದ ಪಾರಾದರು. ಮನೆಗೆ ಹಾಗೆ ಮಾಡಲು ಬರುವುದಿಲ್ಲ.

ಈಗ ನನ್ನ ಮೊದಲ ಸಾಲು ಹೀಗಿದೆ: ‘ಇದು ಸೆಕೆಯಾಗದ, ಗಾಳಿಯಾಡುವ ಸೊಗಸಿನ ಮನೆ. ಮುರಕಲ್ಲು, ಹಳೆ ಹಂಚಿನಿಂದ ಕಟ್ಟಿದ್ದು. ಇಲ್ಲಿ ಕರೆಂಟಿಗೂ ನೀರಿಗೂ ಒದಗು ಜಾಸ್ತಿ.’

ಕೇಳಬೇಕಾದದ್ದು ಮುಖ್ಯವಾಗಿ ಒಂದೇ. ‘ಒದಗು’ ಅನ್ನುವುದನ್ನು ಅಕ್ಕಿಯ ಅರ್ಥದಲ್ಲಿ ನಿಮ್ಮ ಕಡೆ ಹೇಳುತ್ತಾರಾ? ಕುಂದಾಪುರ, ಶಿರಸಿ, ಶಿವಮೊಗ್ಗ, ಮೈಸೂರು, ಧಾರವಾಡದವರು ದಯವಿಟ್ಟು ಬರೆಯಿರಿ. ನಾಮಪದವಾಗಿ ಬಳಸುವುದು ನಮ್ಮ ಮನೆಯಲ್ಲಿ ಮಾತ್ರವೋ, ನಿಮ್ಮಲ್ಲೂ ಇದೆಯೋ? ಎಣ್ಣೆಗೆ, ಸಾಬೂನಿಗೆ, ದುಡ್ಡಿಗೆ ಹೇಳುತ್ತಾರಾ, ಇಲ್ಲ ಅಕ್ಕಿಗೆ ಮಾತ್ರವಾ? ಅಕ್ಕಿಗೆ ಮಾತ್ರ ಅಂದರೆ ಕರೆಂಟಿಗೆ ಎಳೆದು ತರುವ ಮೊದಲು ಇನ್ನೊಮ್ಮೆ ಯೋಚಿಸುತ್ತೇನೆ.

ಪುಸ್ತಕ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ. ನಿಘಂಟು ತೆಗೆಯುವ ಮೊದಲು ಸುಮ್ನೆ ಒಮ್ಮೆ ನಿಮ್ಮ ಮನೆಯಲ್ಲಿ ಅಕ್ಕಿ ಅಳೆಯುವವರನ್ನು ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿ.