ಅರ್ಧಕ್ಕಿದ್ದಾಗ ಜೀವ ತುಂಬಿರುವ ಅಕ್ರಿಲಿಕ್ ಚಿತ್ರ ಮುಗಿಯುವ ಹೊತ್ತಿಗೆ ಸಪ್ಪೆಯಾಗುವುದೇಕೆ?

ಹಿನ್ನೀರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಾಗರದಲ್ಲಿ ಬ್ಯಾಂಕ್ ಉದ್ಯೋಗಿ. ಚಿತ್ರಕಲೆಯನ್ನು ಕ್ರಮವಾಗಿ ಕಲಿತವಳಲ್ಲ. ರಜಾದಿನಗಳಲ್ಲಿ ಮತ್ತು ಸಂಜೆಯ ಬಿಡುವಿನಲ್ಲಿ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣಗಳಿಂದ ಚಿತ್ರ ಬರೆಯುತ್ತೇನೆ. ಸದ್ಯ ಶರಾವತಿ ಹಿನ್ನೀರಿನ ಚಿತ್ರಮಾಲೆಯೊಂದರಲ್ಲಿ ತೊಡಗಿಕೊಂಡಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡ ನಂತರ ನೀರಿನಾಚೆಗೆ ಉಳಿದುಹೋದ ತುಮರಿ ಸೀಮೆಯ ಜನರಿಗೆ ಹೊಳೆಬಾಗಿಲಿನ ಲಾಂಚ್ ಬಹುಕಾಲ ದೊಡ್ಡ ಆಸರೆಯಾಗಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಆ ದಡದ ನೋಟವೇ ಬದಲಾಗಿದೆ. ಬಸ್ಸು, ಬೈಕು, ಸಿಗಂದೂರಿಗೆ ಹೊರಟ ಯಾತ್ರಿಕರು, ಸಾಗರದ ಪೇಟೆಯಿಂದ ಚೀಲ ಹೊತ್ತು ಮರಳುವ ಊರಿನವರು ಎಲ್ಲರನ್ನೂ ಒಟ್ಟಿಗೆ ಸಾಗಿಸುತ್ತಿದ್ದ ಲಾಂಚನ್ನು ನೆನಪು ಹಸಿಯಾಗಿರುವಾಗಲೇ ಬಣ್ಣದಲ್ಲಿ ಹಿಡಿದಿಡಬೇಕೆಂಬುದು ನನ್ನ ಆಸೆ.

ಇಲ್ಲಿ ಹಾಕಿರುವ ಫೋಟೊಗಳಲ್ಲಿ ಮೊದಲನೆಯದು ಮುಗಿದ ಚಿತ್ರ: ಮಳೆಗಾಲದ ಮಧ್ಯಾಹ್ನ ದಡ ಬಿಟ್ಟು ಹೊರಟ ಲಾಂಚ್, ಹಿಂದೆ ಮೋಡ ಕವಿದ ಗುಡ್ಡಗಳು, ಅಳತೆ 24×36 ಅಂಗುಲ. ಅದರ ಪಕ್ಕದಲ್ಲಿರುವುದು ಇದೇ ಚಿತ್ರ ಅರ್ಧಕ್ಕಿದ್ದಾಗ ತೆಗೆದ ಫೋಟೊ. ಇನ್ನೊಂದು ಕ್ಯಾನ್ವಾಸ್ ಈಗಷ್ಟೇ ಆರಂಭವಾಗಿದ್ದು, ಅದರಲ್ಲಿ ಬೇಸಿಗೆಗೆ ನೀರು ಇಳಿದಾಗ ಮೇಲೇಳುವ ಕೆಂಪು ದಿಬ್ಬಗಳೂ ಮುಳುಗಿಹೋದ ಕಾಡಿನ ಬೊಡ್ಡೆಗಳೂ ಇವೆ.

ನಾನು ಮೊದಲು ಜೆಸೊ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ಲೇಪ) ಹಚ್ಚಿದ ಕ್ಯಾನ್ವಾಸಿನ ಮೇಲೆಲ್ಲ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣವನ್ನು ತೆಳ್ಳಗೆ ಬಳಿದು ನಮ್ಮ ಮಣ್ಣಿನ ಬಣ್ಣದ ನೆಲವೊಂದನ್ನು ಮಾಡಿಕೊಳ್ಳುತ್ತೇನೆ. ಅದರ ಮೇಲೆ ದೊಡ್ಡ ಕುಂಚದಿಂದ ಗುಡ್ಡ, ನೀರು, ಆಕಾಶವನ್ನು ಸ್ಥೂಲವಾಗಿ ಹಾಕಿ, ಬಳಿಕ ವಿವರಗಳಿಗೆ ಹೋಗುತ್ತೇನೆ. ಮಧ್ಯದ ಹಂತದಲ್ಲಿ ನೀರು ನಿಜವಾಗಿ ಅಲುಗಾಡುವಂತೆ ಕಾಣುತ್ತದೆ. ಗುಡ್ಡಗಳ ಹಸಿರಿನಲ್ಲಿ ಆಳವಿರುತ್ತದೆ. ಆದರೆ ಪೂರ್ತಿಗೊಳಿಸುವಷ್ಟರಲ್ಲಿ ಎಲ್ಲವೂ ಒಂದೇ ಮಟ್ಟಕ್ಕೆ ಬಂದು, ಹಸಿರು ಸುಣ್ಣ ಬೆರೆತಂತೆ ಮಂಕಾಗುತ್ತದೆ. ರಾತ್ರಿ ಸರಿಯಾಗಿ ಹೊಂದಿಸಿಟ್ಟ ಆಕಾಶದ ಬಣ್ಣ ಬೆಳಿಗ್ಗೆ ನೋಡಿದರೆ ಬೇರೆಯೇ ಆಗಿರುತ್ತದೆ. ಇದು ಬಣ್ಣದ ಗುಣವೋ, ಕೆಲಸದ ಕ್ರಮದಿಂದ ಆಗುವುದೋ? ಎಲ್ಲಿ ನಿಲ್ಲಿಸಬೇಕೆಂಬುದನ್ನು ಅನುಭವಿಗಳು ಹೇಗೆ ನಿರ್ಧರಿಸುತ್ತಾರೆ? ದಯವಿಟ್ಟು ತಿಳಿಸಿ.

ಚಿತ್ರಕಲಾ ಶಿಕ್ಷಕ, ಧಾರವಾಡ

ಮೇಡಂ, ತಮ್ಮ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಲಾಂಚಿನ ಕಟಕಟೆಗೆ ಒರಗಿ ನಿಂತವರ ಭಂಗಿಗಳು ಬಹಳ ಸಹಜವಾಗಿವೆ. ಹತ್ತಿರದಿಂದ ಕಂಡವರಿಗೆ ಮಾತ್ರ ಅವು ಹಾಗೆ ಬರುತ್ತವೆ. ತಾವು ಕೇಳಿರುವುದರಲ್ಲಿ ಬಣ್ಣದ ಗುಣವೂ ಇದೆ, ಕೆಲಸದ ಕ್ರಮವೂ ಇದೆ.

ಅಕ್ರಿಲಿಕ್ ಎಂದರೆ ನೀರಿನಲ್ಲಿ ಹರಡಿಕೊಂಡಿರುವ ಅಕ್ರಿಲಿಕ್ ಅಂಟಿನ ಸೂಕ್ಷ್ಮ ಕಣಗಳ ನಡುವೆ ಬಣ್ಣದ ಪುಡಿಯನ್ನು ಸೇರಿಸಿದ ಮಿಶ್ರಣ. ಹಸಿಯಾಗಿರುವಾಗ ಆ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಬೆಸೆದು ಪಾರದರ್ಶಕ ಪೊರೆಯಾಗುತ್ತವೆ. ಬೆಳ್ಳಗಿನ ಆ ಮಬ್ಬು ಹೋಗುವುದರಿಂದಲೇ ಪ್ಯಾಲೆಟ್ಟಿನಲ್ಲಿ ಕಂಡ ಬಣ್ಣ ಕ್ಯಾನ್ವಾಸಿನ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ತಮ್ಮ ಆಕಾಶ ಬೆಳಗಾಗುವುದರೊಳಗೆ ಬದಲಾಗಲು ಇದೇ ಕಾರಣ. ಕಲಸಿದ ಬಣ್ಣವನ್ನು ಜೆಸೊ ಹಚ್ಚಿದ ಚೂರು ಕ್ಯಾನ್ವಾಸಿನ ಮೇಲೆ ಬಳಿದು, ಕೂದಲು ಒಣಗಿಸುವ ಡ್ರೈಯರಿನಿಂದ ಆರಿಸಿ, ಆರಿದ ಬಣ್ಣವನ್ನು ಆರಿದ ಆಕಾಶದ ಪಕ್ಕದಲ್ಲಿ ಹಿಡಿದು ಹೊಂದಿಸಿ. ಹಸಿ ಬಣ್ಣವನ್ನು ಆರಿದ ಬಣ್ಣಕ್ಕೆ ಹೋಲಿಸಬೇಡಿ.

ಇದರ ಜೊತೆಗೆ ವಿರುದ್ಧ ದಿಕ್ಕಿನ ಇನ್ನೊಂದು ಬದಲಾವಣೆಯೂ ನಡೆಯುತ್ತದೆ. ನೀರು ಹೆಚ್ಚು ಬೆರೆಸಿದ ಬಣ್ಣ ಆರಿದಾಗ ಮೇಲ್ಮೈ ಹೊಳಪು ಕಳೆದುಕೊಳ್ಳುತ್ತದೆ. ಹೊಳಪಿಲ್ಲದ ಮೇಲ್ಮೈ ಬೆಳಕನ್ನು ಎಲ್ಲ ಕಡೆಗೂ ಚದುರಿಸುವುದರಿಂದ ಅತ್ಯಂತ ಗಾಢವಾದ ಭಾಗಗಳು ಬೂದಿ ಮುಸುಕಿದಂತೆ ತೋರುತ್ತವೆ. ತಿಳಿ ಮತ್ತು ನಡುವಿನ ಛಾಯೆಗಳು ತುಸು ಗಾಢವಾಗಿ, ಕಡುಗಪ್ಪಿನ ಭಾಗಗಳು ತುಸು ತಿಳಿಯಾದಾಗ ಕತ್ತಲೆ ಬೆಳಕುಗಳ ಅಂತರ ಎರಡೂ ಕಡೆಯಿಂದ ಕುಗ್ಗುತ್ತದೆ. ತಾವು ಸಪ್ಪೆ ಎನ್ನುತ್ತಿರುವುದರ ಒಂದು ಪಾಲು ಇಲ್ಲಿದೆ. ಕೊನೆಯ ಪದರಗಳಲ್ಲಿ ನೀರಿಗೆ ಬದಲಾಗಿ ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ಪಾರದರ್ಶಕವಾಗಿ ತೆಳುಗೊಳಿಸುವ, ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ಬಳಸಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಉಳಿದ ಪಾಲು ಟೈಟೇನಿಯಂ ವೈಟಿನದು. ಅದು ತನ್ನ ಕೆಳಗಿರುವುದನ್ನೆಲ್ಲ ಮುಚ್ಚಿಹಾಕುವ ಬಣ್ಣ. ಮುಗಿದ ಚಿತ್ರದಲ್ಲಿ ಗುಡ್ಡದ ಪ್ರತಿಯೊಂದು ಹಸಿರಿನಲ್ಲೂ ಬಿಳಿ ಸೇರಿದೆ. ಹತ್ತಿರದ ಗುಡ್ಡದ ಹಸಿರನ್ನು ತಿಳಿಗೊಳಿಸಬೇಕೆನಿಸಿದಾಗ ಬಿಳಿಯ ಬದಲು ಹಳದಿಯನ್ನು ಸೇರಿಸಿ, ಮಂಕಾಗಿಸಬೇಕೆನಿಸಿದಾಗ ಚಿಟಿಕೆಯಷ್ಟು ಬರ್ನ್ಟ್ ಸಿಯೆನಾ ಸೇರಿಸಿ. ಬಿಳಿಯನ್ನು ದೂರದ ಗುಡ್ಡಗಳಿಗೂ ಮೋಡಕ್ಕೂ ಮೀಸಲಿಡಿ. ಟ್ಯೂಬಿನ ಹಸಿರನ್ನೇ ನೇರವಾಗಿ ಬಳಸುವವರಿಗೆ ಮಲೆನಾಡಿನ ಮಳೆಗಾಲ ಸಿಗುವುದು ಕಷ್ಟ. ಅಲ್ಟ್ರಾಮರೀನ್ ನೀಲಿಗೆ ಯೆಲ್ಲೊ ಆಕರ್ ಎಂಬ ಮಣ್ಣುಹಳದಿ ಕೂಡಿಸಿದರೆ ಬರುವ ಪಾಚಿಯಂಥ ಹಸಿರು, ಥ್ಯಾಲೊ ಗ್ರೀನ್ ಎಂಬ ತೀಕ್ಷ್ಣ ನೀಲಿಹಸಿರಿಗೆ ಬರ್ನ್ಟ್ ಸಿಯೆನಾ ಕೂಡಿಸಿದರೆ ಬರುವ, ಹೆಚ್ಚುಕಡಿಮೆ ಕಪ್ಪೇ ಎನ್ನಿಸುವ ಹಸಿರು, ಇವೆರಡೂ ಕೈವಶವಾದರೆ ಕಾಡಿನ ಒಳಗನ್ನು ಬರೆಯಲು ಕಪ್ಪು ಬಣ್ಣ ಬೇಕಾಗುವುದಿಲ್ಲ.

ಬಸವನಗುಡಿಯ ನೋಡುಗ

ಮೇಷ್ಟ್ರು ಬಣ್ಣದ ವಿಚಾರವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ. ಅರ್ಧಕ್ಕಿದ್ದಾಗಿನ ಫೋಟೊದಲ್ಲಿ ಲಾಂಚಿನ ಎಡಬದಿಯ ನೀರನ್ನು ಗಮನಿಸಿ. ಬೂದು ಹಸಿರಿನ ಅಡ್ಡಗೆರೆಗಳ ನಡುವೆ ಕೆಳಗಿನ ಕೆಂಪು ನೆಲ ಅಲ್ಲಲ್ಲಿ ಇಣುಕುತ್ತಿದೆ. ಹಸಿರಿಗೆ ಎದುರಾದ ಬಣ್ಣ ಕೆಂಪು. ಎರಡೂ ಚಿಕ್ಕ ಚಿಕ್ಕ ತುಣುಕುಗಳಾಗಿ ಅಕ್ಕಪಕ್ಕದಲ್ಲಿ ಬಂದಾಗ ಒಂದನ್ನೊಂದು ಬೆಳಗಿಸುತ್ತವೆ. ನೀರು ಅಲುಗಾಡುವಂತೆ ತಮಗೆ ಕಂಡದ್ದು ಅದರಿಂದ. ಮುಗಿದ ಚಿತ್ರದಲ್ಲಿ ಆ ಕೆಂಪು ಚೂರೂ ಉಳಿದಿಲ್ಲ. ಇಷ್ಟು ಒಳ್ಳೆಯ ನೆಲವನ್ನು ಕಟ್ಟಿಕೊಂಡ ಮೇಲೆ ಅದನ್ನು ಚಿತ್ರದ ಒಂದು ಬಣ್ಣವಾಗಿಯೇ ಉಳಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯನವರ (1910–1988) ಕೃತಿಗಳು ರಾಜಾಜಿನಗರದ ರುಮಾಲೆ ಕಲಾಭವನದಲ್ಲಿವೆ. ಅವರು ಬಳಸಿದ್ದು ಜಲವರ್ಣ ಮತ್ತು ತೈಲವರ್ಣಗಳನ್ನು. ಆದರೂ ಅಕ್ರಿಲಿಕ್ಕಿನಲ್ಲಿ ಕೆಲಸ ಮಾಡುವವರು ಅಲ್ಲಿಂದ ಕಲಿಯಬಹುದಾದದ್ದು ಬಹಳವಿದೆ. ಬಿಡಿಬಿಡಿಯಾಗಿ ನಿಂತ ಬಣ್ಣದ ಹೊಡೆತಗಳನ್ನು ಅವರು ಉಜ್ಜಿ ಒಂದು ಮಾಡುವುದಿಲ್ಲ. ನೋಡುವವರ ಕಣ್ಣಿಗೆ ಆ ಕೆಲಸವನ್ನು ಬಿಡುತ್ತಾರೆ. ಇನ್ನು ಅಕ್ರಿಲಿಕ್ಕಿನಲ್ಲೇ ಬರೆದ ಪ್ರಸಿದ್ಧ ಕೃತಿಯೊಂದನ್ನು ಹೇಳುವುದಾದರೆ, ಡೇವಿಡ್ ಹಾಕ್ನಿ 1967ರಲ್ಲಿ ಬರೆದ ‘ಎ ಬಿಗ್ಗರ್ ಸ್ಪ್ಲಾಶ್’. ಈಜುಕೊಳ, ಮನೆ, ಆಕಾಶ ಎಲ್ಲವೂ ಅಲ್ಲಿ ರೋಲರಿನಿಂದ ಬಳಿದ ಚಪ್ಪಟೆ ಬಣ್ಣಗಳು. ಕ್ಷಣಮಾತ್ರ ಇರುವ ನೀರಿನ ಚಿಮ್ಮುವಿಕೆಯೊಂದಕ್ಕೇ ಅವರು ಸಣ್ಣ ಕುಂಚಗಳನ್ನು ಹಿಡಿದು ಸುಮಾರು ಎರಡು ವಾರ ಕೆಲಸ ಮಾಡಿದರು. ಸುತ್ತಲಿನ ಅಂಚಿನಲ್ಲಿ ಕ್ಯಾನ್ವಾಸನ್ನು ಬಣ್ಣವಿಲ್ಲದೆ ಬಿಟ್ಟರು. ವಿವರ ಎಲ್ಲಿ ಬೇಕೆಂದು ಮೊದಲೇ ತೀರ್ಮಾನಿಸಿಕೊಂಡರೆ ಉಳಿದ ಕಡೆ ಕೈ ತಾನಾಗಿ ನಿಲ್ಲುತ್ತದೆ. ತಮ್ಮ ಚಿತ್ರದಲ್ಲಿ ಅಂಥ ಜಾಗ ಲಾಂಚಿನ ಮೇಲಿನ ಜನ. ಹಿಂದಿನ ಗುಡ್ಡದ ಒಂದೊಂದು ಮರವನ್ನೂ ಅವರಷ್ಟೇ ಸ್ಪಷ್ಟವಾಗಿ ಬರೆದಿರುವುದರಿಂದ ನೋಟ ಎಲ್ಲಿಯೂ ತಂಗುವುದಿಲ್ಲ.

ಪ್ರತಿ ಹಂತದ ಫೋಟೊವನ್ನು ಮೊಬೈಲಿನಲ್ಲಿ ಕಪ್ಪು ಬಿಳುಪಿಗೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹಿಂದಿನ ಹಂತಕ್ಕಿಂತ ಹೊಸ ಹಂತದಲ್ಲಿ ಎಲ್ಲವೂ ಒಂದೇ ಬೂದು ಬಣ್ಣಕ್ಕೆ ಹತ್ತಿರವಾಗುತ್ತಿದ್ದರೆ, ಆಗ ಕುಂಚ ಕೆಳಗಿಡುವ ಹೊತ್ತಾಗಿದೆ ಎಂದು ತಿಳಿಯಬಹುದು.

ಹಿನ್ನೀರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಸಂಜೆಯೇ ಎರಡೂ ಫೋಟೊಗಳನ್ನು ಕಪ್ಪು ಬಿಳುಪಿನಲ್ಲಿ ನೋಡಿದೆ. ಮುಗಿದ ಚಿತ್ರದಲ್ಲಿ ಗುಡ್ಡವೂ ನೀರೂ ಒಂದರಲ್ಲೊಂದು ಕಲೆತುಹೋಗಿವೆ. ಬೇಸಿಗೆಯ ಕ್ಯಾನ್ವಾಸಿನಲ್ಲಿ ಕೆಂಪು ದಿಬ್ಬಗಳಿಗೆ ಬಣ್ಣವನ್ನೇ ಹಚ್ಚದೆ, ಸುತ್ತಲಿನ ನೀರನ್ನೂ ಬೊಡ್ಡೆಗಳ ನೆರಳನ್ನೂ ಮಾತ್ರ ಬರೆದು, ನೆಲವೇ ದಿಬ್ಬವಾಗುವಂತೆ ಮಾಡಬೇಕೆಂದುಕೊಂಡಿದ್ದೇನೆ. ಲಾಂಚಿನ ಚಿತ್ರಕ್ಕೆ ವಾರ್ನಿಷ್ ಹಚ್ಚಿದರೆ ಗಾಢ ಭಾಗಗಳ ಆಳ ಮರಳಿ ಬರಬಹುದೇ? ನಮ್ಮಲ್ಲಿ ಮಳೆ ಹಿಡಿದಿರುವುದರಿಂದ ಈಗಲೇ ಹಚ್ಚಬಹುದೋ ಎಂಬುದೂ ತಿಳಿಯಬೇಕಿದೆ.

ಕರಾವಳಿ ಕ್ಯಾನ್ವಾಸ್

ಉಡುಪಿ ಕಡೆಯ ಮಳೆಯಲ್ಲಿ ಇದೇ ಬಣ್ಣಗಳೊಂದಿಗೆ ಕೆಲಸ ಮಾಡುವವನಾದ್ದರಿಂದ ಹೇಳುತ್ತಿದ್ದೇನೆ, ಈಗ ಹಚ್ಚಬೇಡಿ. ಅಕ್ರಿಲಿಕ್ ಮುಟ್ಟಿದರೆ ಅಂಟದಷ್ಟು ಬೇಗ ಆರಿದರೂ ದಪ್ಪನೆಯ ಬಣ್ಣದ ಒಳಗಿನ ತೇವ ಹೋಗಲು ವಾರಗಳೇ ಬೇಕು. ಗಾಳಿಯಲ್ಲೇ ತೇವ ತುಂಬಿರುವಾಗ ಇನ್ನೂ ತಡ. ತೇವದ ಮೇಲೆ ವಾರ್ನಿಷ್ ಬಿದ್ದರೆ ಹಾಲು ಚೆಲ್ಲಿದಂತೆ ಬಿಳಿ ಮಬ್ಬು ಕಟ್ಟಬಹುದು. ಮಳೆ ಬಿಟ್ಟು ನಾಲ್ಕು ದಿನ ಒಳ್ಳೆಯ ಬಿಸಿಲು ಬಿದ್ದ ಮೇಲೆ, ಮೊದಲು ಗ್ಲಾಸ್ (ಹೊಳಪಿನ) ಮೀಡಿಯಂನ ತೆಳುವಾದ ಪದರವೊಂದನ್ನು ಹಚ್ಚಿ ಪೂರ್ತಿ ಆರಲು ಬಿಡಿ. ಮುಂದೆಂದಾದರೂ ಕೊಳೆಯಾದ ವಾರ್ನಿಷನ್ನು ತೆಗೆಯಬೇಕಾಗಿ ಬಂದರೆ ಚಿತ್ರವನ್ನು ಕಾಯುವುದು ಈ ಪದರವೇ. ವಾರ್ನಿಷ್ ಅದರ ಮೇಲೆ. ಗಾಢ ಬಣ್ಣಗಳ ಆಳ ಬೇಕೆಂದಿದ್ದರೆ ಹೊಳಪಿನದನ್ನು ಅಥವಾ ಅರೆಹೊಳಪಿನದನ್ನು ಆರಿಸಿಕೊಳ್ಳಿ; ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಕಡುಬಣ್ಣಗಳನ್ನು ಮತ್ತೆ ಮಂಕು ಮಾಡುತ್ತದೆ. ಏನಿದ್ದರೂ ಮೊದಲು ಚೂರು ಕ್ಯಾನ್ವಾಸಿನ ಮೇಲೆ ಹಚ್ಚಿ ನೋಡಿ. ಆದರೆ ಬಿಳಿ ಬೆರೆತು ಮಂಕಾದ ಹಸಿರನ್ನು ಯಾವ ವಾರ್ನಿಷೂ ಸರಿಪಡಿಸದು. ಅದಕ್ಕೆ ವಾರ್ನಿಷಿಗೆ ಮೊದಲೇ, ಮೀಡಿಯಂನಲ್ಲಿ ಥ್ಯಾಲೊ ಗ್ರೀನ್ ಮತ್ತು ಬರ್ನ್ಟ್ ಸಿಯೆನಾ ಬೆರೆಸಿದ ತೆಳು ಗ್ಲೇಜನ್ನು ಹತ್ತಿರದ ಗುಡ್ಡದ ನೆರಳಿನ ಭಾಗಗಳಿಗಷ್ಟೇ ಕೊಡಬೇಕು.

ಅಲ್ಲಿಯವರೆಗೆ ಕ್ಯಾನ್ವಾಸುಗಳನ್ನು ಮುಖಕ್ಕೆ ಮುಖ ಸೇರಿಸಿ ಇಡಬೇಡಿ, ಪ್ಲಾಸ್ಟಿಕ್ ಹಾಳೆಯನ್ನೂ ಸುತ್ತಬೇಡಿ. ಆರಿದ ಅಕ್ರಿಲಿಕ್ ಕೂಡ ಸೆಕೆಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ತೇವ ಹೀರಿದ ಗೋಡೆಗೆ ನೇರವಾಗಿ ಒರಗಿಸಿದರೆ ಹಿಂಬದಿಯ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗಳಿಗೂ ಬಿರಡೆಯ ತುಂಡುಗಳನ್ನು ಅಂಟಿಸಿ, ಗಾಳಿಯಾಡುವಷ್ಟು ಜಾಗ ಬಿಟ್ಟು ನಿಲ್ಲಿಸಿ.